ಹರದೇಶಿ–ನಾಗೇಶಿ: ಸವಾಲ್‌–ಜವಾಬ್ ಪ್ರದರ್ಶನ ಮತ್ತು ಅದರ ಪ್ರೇಕ್ಷಕರು

ಹರದೇಶಿ–ನಾಗೇಶಿ ಎಂಬುದು ಎರಡು ಗೀಗೀ ಮೇಳಗಳು ಎದುರುಬದುರು ನಿಂತು, ಒಂದು ಪುರುಷ ತತ್ತ್ವದ ಪಕ್ಷವನ್ನೂ ಇನ್ನೊಂದು ಸ್ತ್ರೀ ತತ್ತ್ವದ ಪಕ್ಷವನ್ನೂ ವಹಿಸಿಕೊಂಡು, ಹಾಡಿನಲ್ಲೇ ಸವಾಲು ಹಾಕಿ ಹಾಡಿನಲ್ಲೇ ಜವಾಬು ಕೊಡುವ ಉತ್ತರ ಕರ್ನಾಟಕದ ಜನಪದ ಪ್ರದರ್ಶನ ಪ್ರಕಾರ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಇದು ಹೆಚ್ಚು ಬಳಕೆಯಲ್ಲಿದೆ. ಹಾಡುವವರಿಗೆ ಇದು ಪಂದ್ಯ, ಕೂತವರಿಗೆ ಇಡೀ ರಾತ್ರಿಯ ನೋಟ. ತಾವು ಆಡದ ಆಟವೊಂದನ್ನು ಜನ ಬೆಳಗಿನ ತನಕ ಕೂತು ನೋಡುವುದು ಏಕೆಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಸಿಗುವ ಹಳೆಯ ಉತ್ತರಗಳಲ್ಲಿ ಇದೂ ಒಂದು. ಜಗತ್ತಿನ ಬೇರೆ ಕಡೆ ಈಚೆಗೆ ಬೆಳೆದಿರುವ ಮೇಜಿನ ಪಾತ್ರಾಟಗಳ ವೀಕ್ಷಣೆಗೂ ಇದಕ್ಕೂ ಹತ್ತಿರದ ಹೋಲಿಕೆಗಳಿವೆ.

ಈ ಲೇಖನದಲ್ಲಿ ‘ಮೇಳ’ ಎಂದರೆ ಒಂದು ಹಾಡುಗಾರರ ತಂಡ. ‘ಪಂಥ’ ಎಂದರೆ ಆ ತಂಡ ವಹಿಸುವ ಪಕ್ಷ. ‘ಪಾತ್ರಾಟ’ ಎಂದರೆ ಆಟಗಾರರು ಒಂದೊಂದು ಪಾತ್ರ ವಹಿಸಿ, ನಿಯಮಗಳ ಚೌಕಟ್ಟಿನೊಳಗೆ ಮಾತಿನಿಂದ ಕತೆ ಬೆಳೆಸುವ ಆಟ.

ಹುಟ್ಟು ಮತ್ತು ಹರಹು

ಹರದೇಶಿ–ನಾಗೇಶಿಯ ಬೇರು ಲಾವಣಿಯಲ್ಲಿದೆ. ಪೇಶ್ವೆಯರ ಕಾಲದಲ್ಲಿ ಮರಾಠಿ ಲಾವಣಿ ಹುಲುಸಾಗಿ ಬೆಳೆಯಿತು. 18ನೇ ಶತಮಾನದ ಕೊನೆ ಮತ್ತು 19ರ ಆರಂಭದಲ್ಲಿದ್ದ ಪ್ರಸಿದ್ಧ ಶಾಹೀರ (ಲಾವಣಿಕಾರ) ರಾಮ ಜೋಶಿ ಕಲಬುರಗಿಯ ನೆರೆಯ ಸೋಲಾಪುರದವರು. ಎರಡು ಭಾಷೆ ಬೆರೆತು ಬಾಳುವ ಈ ಗಡಿಸೀಮೆಯಲ್ಲಿ ಮಟ್ಟುಗಳೂ ಪಂಥಗಳೂ ಆಚೀಚೆ ಓಡಾಡಿದವು. ಮಹಾರಾಷ್ಟ್ರದಲ್ಲಿ ಈ ಪಂಥಗಳು ಕಲ್ಗಿ ಮತ್ತು ತುರಾ (ತುರಾಯಿ). ಶಕ್ತಿ ಹೆಚ್ಚೆನ್ನುವವರು ಕಲ್ಗಿಯವರು, ಶಿವ ಹೆಚ್ಚೆನ್ನುವವರು ತುರಾಯಿಯವರು. ಕನ್ನಡದಲ್ಲಿ ಕಲ್ಗಿಯ ಪಕ್ಷ ನಾಗೇಶಿಯೆಂದೂ ತುರಾಯಿಯ ಪಕ್ಷ ಹರದೇಶಿಯೆಂದೂ ಹೆಸರಾದವು.

ಪಂಥಗಳ ಹುಟ್ಟಿಗೆ ಒಂದು ಐತಿಹ್ಯವಿದೆ. ತುಕನಗೀರ ಎಂಬ ಗೋಸಾವಿ, ಶಾಹ ಅಲಿ ಎಂಬ ಫಕೀರ ಇಬ್ಬರೂ ಚಂದೇರಿಯ ಅರಸನೆದುರು ವಾದಕ್ಕೆ ನಿಂತರು. ಇಬ್ಬರನ್ನೂ ಮೆಚ್ಚಿದ ಅರಸ ತನ್ನ ಮುಂಡಾಸದ ತುರಾಯಿಯನ್ನು ಒಬ್ಬನಿಗೆ, ಕಲ್ಗಿಯನ್ನು ಇನ್ನೊಬ್ಬನಿಗೆ ಕೊಟ್ಟ. ರಾಜಸ್ಥಾನ, ಮಧ್ಯಪ್ರದೇಶಗಳ ತುರ್ರಾ–ಕಲಂಗಿ ಆಟದವರೂ ಇದೇ ಕತೆ ಹೇಳುತ್ತಾರೆ. ಇತಿಹಾಸವಾಗಿ ಇದನ್ನು ಹಿಡಿಯುವುದು ಕಷ್ಟ. ಆದರೆ ಸ್ಪರ್ಧೆಯ ಒಳಬಗೆಯನ್ನು ಕತೆ ಸರಿಯಾಗಿ ಗುರುತಿಸಿದೆ: ಅಲ್ಲಿ ಸೋತವರಿಲ್ಲ, ತೂಗಿ ನೋಡುವ ಮೂರನೆಯವನೊಬ್ಬ ಇದ್ದಾನೆ. ಅರಸ ಕೂತಿದ್ದ ಜಾಗದಲ್ಲಿ ಇಂದು ಊರ ಜನ ಕೂರುತ್ತಾರೆ.

ಕನ್ನಡ ಲಾವಣಿಯನ್ನು ಅಚ್ಚಿಗೆ ತಂದವರಲ್ಲಿ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಮುಖ್ಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಆ ಬಳಗದವರು. 1931ರ ‘ಗರತಿಯ ಹಾಡು’ ಹೆಂಗಸರ ತ್ರಿಪದಿಗಳ ಸಂಗ್ರಹವಾದರೆ, 1933ರ ‘ಜೀವನ ಸಂಗೀತ’ ಲಾವಣಿಗಳದು. ಅದೇ ಊರಿನ ಖಾಜಾಭಾಯಿ ಹೆಸರಾಂತ ಲಾವಣಿಕಾರ. ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂಬ ವಾದದ ಹಾಡುಗಳನ್ನು ಕಟ್ಟಿದವರಲ್ಲಿ, ಹಾಡಿದವರಲ್ಲಿ, ಕೂತು ಕೇಳಿದವರಲ್ಲಿ ಮುಸಲ್ಮಾನರು ಮೊದಲಿನಿಂದಲೂ ಇದ್ದಾರೆ. ಕಲಬುರಗಿ ಸೀಮೆಯ ಮೊಹರಂ ರಿವಾಯತ್ ಪದಗಳಲ್ಲೂ ಎರಡು ತಂಡ ಎದುರು ಹಾಡುವ ರೂಢಿ ಇದೆ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ತತ್ತ್ವಪದಗಳ ಭಜನೆಯಲ್ಲೂ ಒಗಟಿನ ಪದಕ್ಕೆ ಪದದಲ್ಲೇ ಉತ್ತರ ಬಯಸುವುದುಂಟು. ಹಾಗಾಗಿ ಈ ನಾಡಿನ ಪ್ರೇಕ್ಷಕನಿಗೆ ಸವಾಲು–ಜವಾಬು ಒಂದೇ ಕಲೆಯಿಂದ ಬಂದ ಅಭ್ಯಾಸವಲ್ಲ.

ಮೇಳ, ವಾದ್ಯ, ಹಾಡಿನ ಕಟ್ಟು

ಮೇಳ ಚಿಕ್ಕದು. ಮುಂದಾಳು ಹಾಡುಗಾರ ಅಥವಾ ಹಾಡುಗಾರ್ತಿಯ ಕೈಯಲ್ಲಿ ದಪ್ಪು, ಹಿಮ್ಮೇಳದವರ ಕೈಯಲ್ಲಿ ತುಂತುಣಿ ಮತ್ತು ತಾಳ. ದಪ್ಪು ಒಂದೇ ಮುಖದ ಚರ್ಮವಾದ್ಯ; ಚಳಿಗೆ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ತುಂತುಣಿಗೆ ಒಂದೇ ತಂತಿ, ಒಂದೇ ಸ್ವರ. ಗೀಗೀ ಎಂಬ ಹೆಸರು ಹಿಮ್ಮೇಳ ಹಿಡಿಯುವ ಸೊಲ್ಲಿನಿಂದ ಬಂದದ್ದು.

ಹಾಡಿಗೆ ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ ಎಂಬ ಭಾಗಗಳಿವೆ. ಚಾಲದಲ್ಲಿ ನಡಿಗೆ ಬದಲಾಗುತ್ತದೆ, ಏರಿನಲ್ಲಿ ದನಿ ಮೇಲಕ್ಕೆ ಹೋಗುತ್ತದೆ, ಇಳುವಿನಲ್ಲಿ ಕೆಳಗಿಳಿದು ಕೂಡುಪಲ್ಲದ ಮೂಲಕ ಮತ್ತೆ ಪಲ್ಲಕ್ಕೆ ಸೇರುತ್ತದೆ. ಕೊನೆಯ ನುಡಿಯಲ್ಲಿ ಕವಿಯ ಊರು, ಕವಿಯ ಹೆಸರು ಬರುವುದು ರೂಢಿ. ಯಾವ ಮೇಳ ಯಾವ ಗುರುವಿನ ಪರಂಪರೆಯದು ಎಂಬುದು ಕೇಳುಗರಿಗೆ ಅಲ್ಲಿಂದಲೇ ತಿಳಿಯುತ್ತದೆ.

ಹಿಮ್ಮೇಳದ ಸೊಲ್ಲಿಗೆ ಸಂಗೀತದ ಆಚೆಗೂ ಒಂದು ಕೆಲಸವಿದೆ. ಎದುರಾಳಿಯ ಸವಾಲು ಮುಗಿದ ಗಳಿಗೆಯಲ್ಲಿ ಮುಂದಾಳುವಿಗೆ ಯೋಚಿಸಲು ಹೊತ್ತು ಬೇಕು. ದಪ್ಪು ಬಡಿತ ಜೋರಾಗುತ್ತದೆ, ಹಿಮ್ಮೇಳ ಗೀಗೀ ಸೊಲ್ಲನ್ನು ಎಳೆಯುತ್ತದೆ, ಮುಂದಾಳು ದಪ್ಪನ್ನು ಮುಖದ ಹತ್ತಿರಕ್ಕೆ ತಂದು ತಲೆ ಬಾಗಿಸಿ ನಿಲ್ಲುತ್ತಾನೆ. ಪಳಗಿದ ಪ್ರೇಕ್ಷಕರು ಆ ಸೊಲ್ಲಿನ ಉದ್ದವನ್ನೇ ಅಳೆಯುತ್ತಾರೆ. ಬೇಗ ಮುಗಿದರೆ ಜವಾಬು ಸಿದ್ಧವಿದೆ. ಎರಡನೇ ಸುತ್ತಿಗೆ ಹೋದರೆ ಮುಂದಿನ ಸಾಲಿನಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಸವಾಲು–ಜವಾಬಿನ ಕ್ರಮ

ಗಣಪತಿ, ಶಾರದೆ, ಗುರುವಿನ ಸ್ತುತಿಯಿಂದ ಆರಂಭ. ಆಮೇಲೆ ಒಂದು ಮೇಳ ತನ್ನ ಪಕ್ಷದ ಹಿರಿಮೆಯನ್ನು ಪುರಾಣದ ಕತೆಯೊಂದರ ಮೂಲಕ ಹಾಡಿ, ಕೊನೆಗೆ ಎದುರಿನವರಿಗೆ ಸವಾಲು ಬಿಡುತ್ತದೆ. ಹಿಂದೆ ಎರಡೂ ಪಕ್ಷವನ್ನು ಗಂಡಸರೇ ಹಾಡುವುದಿತ್ತು. ಈಗ ಗಂಡಸರ ಹರದೇಶಿಗೆ ಎದುರಾಗಿ ಹೆಂಗಸರ ನಾಗೇಶಿ ಮೇಳ ಇರುವುದು ಸಾಮಾನ್ಯ, ಪ್ರೇಕ್ಷಕರು ಬಯಸುವುದೂ ಅದನ್ನೇ.

ವಾದ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಭಸ್ಮಾಸುರನ ಕತೆ ಒಳ್ಳೆಯ ಮಾದರಿ. ಕೇಳಿದ ವರವನ್ನು ಹಿಂದುಮುಂದು ನೋಡದೆ ಕೊಡುವ ಔದಾರ್ಯ ಹರನದು, ಅಂಥವನಿಗಿಂತ ದೊಡ್ಡವರಾರು ಎಂದು ಹರದೇಶಿ ಹಾಡಬಹುದು. ವರ ಕೊಟ್ಟ ಹರನೇ ಓಡಬೇಕಾಯಿತಲ್ಲ, ಕಾಪಾಡಿದ್ದು ಮೋಹಿನಿ ಎಂಬ ಹೆಣ್ಣುರೂಪವಲ್ಲವೇ ಎಂದು ನಾಗೇಶಿ ಕೇಳುತ್ತದೆ. ಮೋಹಿನಿ ಯಾರು, ವಿಷ್ಣುವಲ್ಲವೇ, ಅವನು ಗಂಡಲ್ಲವೇ ಎಂದು ಹರದೇಶಿ ತಿರುಗಿ ಬೀಳುತ್ತದೆ. ಗಂಡಾಗಿ ಮಾಡಲಾಗದ ಕೆಲಸಕ್ಕೆ ಅವನೂ ಹೆಣ್ಣೇ ಆಗಬೇಕಾಯಿತು ಎಂಬ ಜವಾಬು ಬಂದಾಗ ಬಯಲಿನಲ್ಲಿ ಸಿಳ್ಳೆ ಏಳುತ್ತದೆ. ಕತೆ ಎಲ್ಲರಿಗೂ ಗೊತ್ತಿದ್ದದ್ದೇ. ಅದೇ ಕತೆಯೊಳಗೆ ಇಂಥದೊಂದು ತಿರುವು ಅಡಗಿತ್ತೆಂಬುದು ಗೊತ್ತಿರಲಿಲ್ಲ.

ಅನಸೂಯೆ ತ್ರಿಮೂರ್ತಿಗಳನ್ನು ಕೂಸು ಮಾಡಿದ್ದು, ಸಾವಿತ್ರಿ ಯಮನನ್ನು ಮಾತಿನಲ್ಲಿ ಕಟ್ಟಿದ್ದು ನಾಗೇಶಿಯವರಿಗೆ ಒದಗುವ ಸರಕು. ರೇಣುಕೆ–ಪರಶುರಾಮರ ಕತೆ ಎರಡೂ ಕಡೆಗೆ ಬಳಕೆಗೆ ಬರುತ್ತದೆ. ಹಾಡುಗಳು ಬಹುಪಾಲು ಮೊದಲೇ ಕಟ್ಟಿದವು, ವಹಿಯಲ್ಲಿ ಬರೆದಿಟ್ಟು ಬಾಯಿಪಾಠ ಮಾಡಿದವು. ಸ್ಥಳದಲ್ಲಿ ಹುಟ್ಟುವುದು ಆಯ್ಕೆ, ಜೋಡಣೆ, ನಡುವಿನ ಮಾತು, ಎದುರಾಳಿಯ ಸೊಲ್ಲನ್ನೇ ಹಿಡಿದು ತಿರುಗಿಸುವ ಒಂದೆರಡು ನುಡಿ. ದೊಡ್ಡ ವಹಿ ಇದ್ದವರೆಲ್ಲ ಗೆಲ್ಲುವುದಿಲ್ಲ. ಸರಿಯಾದ ಹಾಡು ಸರಿಯಾದ ಹೊತ್ತಿಗೆ ನೆನಪಿಗೆ ಬರಬೇಕು, ಇಲ್ಲದಿದ್ದರೆ ಜವಾಬು ಸವಾಲಿಗೆ ಕೂಡುವುದಿಲ್ಲ. ಕೂಡಲಿಲ್ಲವೆಂದು ಕೂಗಿ ಹೇಳುವವರು ಸಭೆಯಲ್ಲೇ ಇರುತ್ತಾರೆ.

ಹಲವು ಕಡೆ ಪ್ರದರ್ಶನ ರಾಜಿಯಲ್ಲಿ ಮುಗಿಯುತ್ತದೆ. ಶಿವನೂ ಶಕ್ತಿಯೂ ಒಂದೇ, ಒಂದನ್ನು ಬಿಟ್ಟು ಇನ್ನೊಂದಿಲ್ಲ ಎಂದು ಎರಡೂ ಮೇಳ ಸೇರಿ ಮಂಗಳ ಹಾಡುತ್ತವೆ.

ಪ್ರೇಕ್ಷಕರನ್ನು ಹಿಡಿದಿಡುವುದೇನು

ಮೊದಲ ಕಾರಣ, ಗೊತ್ತಿರುವುದು ಮತ್ತು ಗೊತ್ತಿಲ್ಲದಿರುವುದರ ಹದ. ಭಾರತ, ರಾಮಾಯಣ, ಶಿವಪುರಾಣಗಳನ್ನು ಬಲ್ಲ ಸಭೆಗೆ ಕತೆಯ ಕೊನೆ ಕುತೂಹಲದ ವಿಷಯವಲ್ಲ. ಮುಂದಿನ ಮಾತು ಯಾವುದು ಎಂಬುದಷ್ಟೇ ಕುತೂಹಲ. ಬರೆದಿಟ್ಟ ನಾಟಕದಲ್ಲಿ ಆ ಮಾತು ನಟನಿಗೆ ಮೊದಲೇ ಗೊತ್ತು. ಇಲ್ಲಿ ಹಾಡುವವನಿಗೂ ಅದು ಆಗಲೇ ಹೊಳೆಯಬೇಕು. ಅವನು ತಡವರಿಸಬಹುದು. ಸೋಲಿನ ಈ ಸಾಧ್ಯತೆ ನಿಜವಾದದ್ದು, ನಟನೆಯದಲ್ಲ. ರಾತ್ರಿ ಎಷ್ಟೇ ಹೊತ್ತಾದರೂ ಸಭೆ ಕರಗದಿರುವುದಕ್ಕೆ ಇದು ದೊಡ್ಡ ಕಾರಣ.

ಎರಡನೆಯದು, ಪ್ರೇಕ್ಷಕರೂ ಒಳಗೊಳಗೇ ಆಡುತ್ತಿರುತ್ತಾರೆ. ಸವಾಲು ಬಿದ್ದೊಡನೆ ಕೂತವರ ನಡುವೆ ಪಿಸುಮಾತು ಹರಿಯುತ್ತದೆ. ಈ ಪ್ರಶ್ನೆಗೆ ಉತ್ತರ ಆ ಕತೆಯಲ್ಲಿದೆ, ಇಲ್ಲ ಈ ಕತೆಯಲ್ಲಿದೆ ಎಂದು ಹಿರಿಯರು ಮೊದಲೇ ಹೇಳಿಬಿಡುತ್ತಾರೆ. ಮೇಳದ ಜವಾಬು ತಾವು ಊಹಿಸಿದಂತೆಯೇ ಬಂದರೆ ಒಂದು ಬಗೆಯ ಸಂತೋಷ, ಅದನ್ನು ಮೀರಿ ಬಂದರೆ ಇನ್ನೊಂದು ಬಗೆಯದು. ಓದು ಬಾರದವರೂ ಕಾವ್ಯದಲ್ಲಿ ಪಳಗಿದವರೆಂದು ಕನ್ನಡ ಜನರನ್ನು ಮೆಚ್ಚಿದ ‘ಕವಿರಾಜಮಾರ್ಗ’ 9ನೇ ಶತಮಾನದಲ್ಲಿ ಹುಟ್ಟಿದ್ದು ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ಸವಾಲು–ಜವಾಬಿನ ಸಭೆ ಆ ಮಾತಿಗೆ ಜೀವಂತ ನಿದರ್ಶನ.

ಮೂರನೆಯದು ಪಕ್ಷ. ಪ್ರೇಕ್ಷಕರು ತಟಸ್ಥರಾಗಿ ಬಂದರೂ ತಟಸ್ಥರಾಗಿ ಉಳಿಯುವುದಿಲ್ಲ. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬುದು ಪ್ರತಿಯೊಬ್ಬರ ಮನೆಯ ಪ್ರಶ್ನೆ. ಸಭೆಯ ಒಂದು ಬದಿಯಲ್ಲಿ ಕೂತ ಹೆಂಗಸರಿಗೆ, ತಮ್ಮಂಥ ಹೆಂಗಸೊಬ್ಬಳು ಊರ ನಡುವೆ ದಪ್ಪು ಹಿಡಿದು ನಿಂತು, ಗಂಡಸರ ವಾದವನ್ನು ಅವರದೇ ಪುರಾಣದಿಂದ ಕಡಿದು ಹಾಕುವುದು ಕಾಣಸಿಗುವ ಜಾಗ ಬೇರೆ ಹೆಚ್ಚಿಲ್ಲ. ವಾದ ದೇವರ ಹೆಸರಿನಲ್ಲಿ ನಡೆಯುವುದರಿಂದ ಹೇಳಬಾರದ್ದೆಲ್ಲ ಹೇಳಲು ಬರುತ್ತದೆ. ಇದರ ಮತ್ತೊಂದು ಮುಖವೂ ಇದೆ: ಹಾಸ್ಯ ಕೆಲವೊಮ್ಮೆ ಹಾಡುಗಾರ್ತಿಯ ಮೈಮೇಲೆ, ಬದುಕಿನ ಮೇಲೆ ಹೊರಳುತ್ತದೆ. ಅದನ್ನು ತಿರುಗಿಸಿ ಹೊಡೆಯುವ ಜಾಣ್ಮೆಯನ್ನೂ ಅವಳೇ ಕಲಿತಿರಬೇಕಾಗುತ್ತದೆ.

ನಾಲ್ಕನೆಯದು ಪರಿಚಯ. ಒಂದೇ ಸೀಮೆಯಲ್ಲಿ ವರ್ಷವರ್ಷವೂ ಅವೇ ಮೇಳಗಳು ಎದುರಾಗುತ್ತವೆ. ಹೋದ ವರ್ಷ ಉಳಿದ ಸವಾಲಿನ ಬಾಕಿ ಈ ವರ್ಷ ತೀರುತ್ತದೆಯೇ ಎಂದು ಕಾಯುವವರಿದ್ದಾರೆ. ಹಾಡುಗಾರರ ಸ್ವಭಾವ, ಅವರು ಕೆರಳುವ ರೀತಿ, ಅವರ ನೆಚ್ಚಿನ ಮಟ್ಟು ಎಲ್ಲವೂ ಜನರಿಗೆ ಗೊತ್ತು. ಮೆಚ್ಚಿಗೆಯಾದಾಗ ನೋಟು ಹಿಡಿದು ಎದ್ದು ಬಂದು ಬಕ್ಷೀಸು ಕೊಡುತ್ತಾರೆ. ಕೊಟ್ಟವರ ಹೆಸರನ್ನು ಮುಂದಾಳು ಹಾಡಿನ ನಡುವೆಯೇ ಹೇಳುತ್ತಾನೆ. ನೋಡುವವರು ಆಟದೊಳಗೆ ಕಾಲಿಡುವ ಗಳಿಗೆ ಅದು.

ಹವಾಮಾನಕ್ಕೂ ಇಲ್ಲೊಂದು ಪಾಲಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಬಯಲ ಕೂಟಕ್ಕೆ ರಾತ್ರಿಯೇ ತಕ್ಕ ಹೊತ್ತು. ತೊಗರಿ ರಾಶಿ ಮುಗಿದ ಮೇಲೆ ಬರುವ ಜಾತ್ರೆಗಳು, ಉರುಸುಗಳು, ಯುಗಾದಿ, ಶ್ರಾವಣದ ನಾಗರಪಂಚಮಿ ಇವು ಪ್ರದರ್ಶನದ ಕಾಲ.

ಸೋದರ ಪ್ರಕಾರಗಳು

ಕನ್ನಡದಲ್ಲಿ ಪಾತ್ರಾಟಕ್ಕೆ ಅತಿ ಹತ್ತಿರದ್ದು ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು, ಭಾಗವತರು ಪ್ರಸಂಗದ ಪದ್ಯ ಹಾಡಿದ ಮೇಲೆ, ಒಬ್ಬರು ಕೃಷ್ಣನಾಗಿ ಇನ್ನೊಬ್ಬರು ಕೌರವನಾಗಿ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ‘ವಾಲಿವಧೆ’ಯಲ್ಲಿ ವಾಲಿ ಸಾಯಲೇಬೇಕು, ಪದ್ಯ ಹಾಗೆಂದು ನಿಗದಿ ಮಾಡಿದೆ. ಆದರೆ ಸಾಯುವ ಮುನ್ನ ಅವನು ರಾಮನಿಗೆ ಹಾಕುವ ಪ್ರಶ್ನೆಗಳಿಗೆ ಮಿತಿಯಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಂಥ ಪಾತ್ರಗಳ ಪರ ಆಡಿದ ವಾದಗಳಿಗಾಗಿಯೇ ಜನ ದೂರದೂರುಗಳಿಂದ ಬರುತ್ತಿದ್ದರು. ಅಷ್ಟಾವಧಾನದಲ್ಲಿ ಎಂಟು ಪೃಚ್ಛಕರು ಒಬ್ಬ ಅವಧಾನಿಗೆ ಒಡ್ಡುವ ಸವಾಲುಗಳೂ ಇದೇ ಬಳಗಕ್ಕೆ ಸೇರುತ್ತವೆ. ಅಲ್ಲಿ ‘ಅಪ್ರಸ್ತುತ ಪ್ರಸಂಗ’ದ ಪೃಚ್ಛಕನ ಕೆಲಸವೇ ಅವಧಾನಿಯ ಏಕಾಗ್ರತೆ ಕೆಡಿಸುವುದು.

ಹೊರದೇಶದಲ್ಲಿ ಇದಕ್ಕೆ ಸಮನಾದುದು ಮೇಜಿನ ಪಾತ್ರಾಟದ ವೀಕ್ಷಣೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಒಬ್ಬ ನಿರ್ವಾಹಕ ಲೋಕವನ್ನು ಬಣ್ಣಿಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ತಮ್ಮ ನಡೆ ಹೇಳುತ್ತಾರೆ, ಫಲವನ್ನು 20 ಮುಖದ ದಾಳ ನಿರ್ಣಯಿಸುತ್ತದೆ. ಜಪಾನಿನ ‘ಕಾಂಪ್ಟಿಕ್’ ಪತ್ರಿಕೆ 1986ರಿಂದ ಇಂಥ ಆಟವೊಂದರ ಮಾತುಕತೆಯನ್ನು ಧಾರಾವಾಹಿಯಾಗಿ ಅಚ್ಚು ಹಾಕಿತು. ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಕಾದಂಬರಿಗಳು ಅದರಿಂದ ಹುಟ್ಟಿದವು. 2015ರ ಮಾರ್ಚ್‌ನಲ್ಲಿ ಮ್ಯಾಥ್ಯೂ ಮರ್ಸರ್ ನಿರ್ವಹಣೆಯ ‘ಕ್ರಿಟಿಕಲ್ ರೋಲ್’ ಅಂತರ್ಜಾಲದಲ್ಲಿ ನೇರ ಪ್ರಸಾರ ಆರಂಭಿಸಿತು. ಕಂತೊಂದು ಮೂರು–ನಾಲ್ಕು ಗಂಟೆಯದು. 2019ರಲ್ಲಿ ಅದರ ಕತೆಯನ್ನು ಅನಿಮೇಷನ್ ಮಾಡಲು ಜನರಿಂದ 7.5 ಲಕ್ಷ ಡಾಲರ್ ಕೇಳಿದಾಗ 1.1 ಕೋಟಿ ಡಾಲರ್‌ಗೂ ಹೆಚ್ಚು ಸೇರಿತು. 2025ರ ಜನವರಿಯಲ್ಲಿ ‘ಡೈಮೆನ್ಷನ್ 20’ ತಂಡದ ಆಟವನ್ನು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜನ ಟಿಕೆಟ್ ಕೊಂಡು ನೋಡಿದರು.

ಕೂತು ಮಾತಾಡುವ ಕೆಲವೇ ಜನರನ್ನು ಅಷ್ಟು ಹೊತ್ತು ನೋಡುವುದರಲ್ಲಿ ಏನಿದೆ ಎಂಬ ಬೆರಗು ಅಲ್ಲೂ ಕೇಳಿಬಂದಿತ್ತು. ದಾಳದ ಕೆಲಸವನ್ನು ಕಲಬುರಗಿ ಸೀಮೆಯಲ್ಲಿ ಎದುರು ಮೇಳ ಮಾಡುತ್ತದೆ: ಬರುವುದು ಏನೆಂದು ಮುಂದಾಗಿ ತಿಳಿಯದು, ಬಂದದ್ದಕ್ಕೆ ಆ ಕ್ಷಣವೇ ಒದಗಬೇಕು. ವ್ಯತ್ಯಾಸವೂ ಸಣ್ಣದಲ್ಲ. ಪಾತ್ರಾಟದಲ್ಲಿ ಆಟಗಾರರು ಒಂದೇ ಪಾಳಯದವರು, ಅವರ ಗೆಳೆತನವೇ ನೋಟದ ಅರ್ಧ. ಲೋಕ ಹೊಸದಾಗಿ ಕಲ್ಪಿಸಿದ್ದು. ಹರದೇಶಿ–ನಾಗೇಶಿಯಲ್ಲಿ ಲೋಕ ಹಳೆಯದು, ಎಲ್ಲರದು, ಆಟಗಾರರು ಎದುರಾಳಿಗಳು. ಜೊತೆಗೆ ಇಲ್ಲಿ ಹಾಡುವವರೂ ನೋಡುವವರೂ ಒಂದೇ ಬಯಲಿನಲ್ಲಿದ್ದಾರೆ, ಸಿಳ್ಳೆ ಬಿದ್ದರೆ ಮುಂದಿನ ನುಡಿ ಬದಲಾಗುತ್ತದೆ.

ಬಳಕೆ

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಲಾವಣಿಕಾರರು ಗಾಂಧಿ, ಖಾದಿ, ಸ್ವದೇಶಿಗಳನ್ನು ಹಾಡಿಗೆ ತಂದರು. ಬೆಳಗಾವಿ ಜಿಲ್ಲೆಯ ಹುಲಕುಂದದ ಕವಿಗಳು ಅದರಲ್ಲಿ ಹೆಸರಾದವರು. ಕಲಬುರಗಿ ಆ ಪ್ರಾಂತಕ್ಕೆ ಸೇರಿರಲಿಲ್ಲ, 1948ರ ಸೆಪ್ಟೆಂಬರ್‌ವರೆಗೆ ಅದು ನಿಜಾಮರ ಆಳ್ವಿಕೆಯಲ್ಲಿತ್ತು. ಸ್ವಾತಂತ್ರ್ಯಾನಂತರ ಕುಟುಂಬ ಯೋಜನೆ, ಸಾಕ್ಷರತೆ, ನೈರ್ಮಲ್ಯದ ಪ್ರಚಾರಕ್ಕೆ ಸರ್ಕಾರ ಗೀಗೀ ಮೇಳಗಳನ್ನು ಬಳಸಿಕೊಂಡಿತು. ಇಂಥ ಹಾಡುಗಳಲ್ಲಿ ಸವಾಲಿಗೆ ಒಂದೇ ಉತ್ತರ, ಅದೂ ಮೊದಲೇ ನಿಗದಿ. ಜನ ಕೇಳಿದರು, ಆದರೆ ಪಂದ್ಯದ ಕಾವು ಅಲ್ಲಿರಲಿಲ್ಲ.

ಇಂದಿನ ಸ್ಥಿತಿ

ಕಲಬುರಗಿ ನಗರದಲ್ಲಿ ಗೀಗೀ ಪದ ಹೆಚ್ಚಾಗಿ ಕೇಳಿಸುವುದು ಡಾ. ಎಸ್.ಎಂ. ಪಂಡಿತ ರಂಗಮಂದಿರದಂಥ ಸಭಾಂಗಣದ ಉತ್ಸವಗಳಲ್ಲಿ, 1966ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರದ ಜನಪದ ಕಾರ್ಯಕ್ರಮಗಳಲ್ಲಿ. ಎರಡು ಕಡೆಯೂ ಹೊತ್ತು ಅಳೆದು ಕೊಡುವುದರಿಂದ ಒಂದು ಮೇಳ ಒಂದೆರಡು ಹಾಡು ಹೇಳಿ ಇಳಿಯುತ್ತದೆ. ಎದುರು ಮೇಳವಿಲ್ಲದ ಹರದೇಶಿ ಕಿವಿಗೆ ಇಂಪಾಗಿದ್ದರೂ ಅರ್ಧ ಕಲೆ ಮಾತ್ರ. ಪೂರ್ಣ ರೂಪ ಉಳಿದಿರುವುದು ಹಳ್ಳಿಗಳ ಜಾತ್ರೆಗಳಲ್ಲಿ. ಬೀದರ ದಾರಿಯಲ್ಲಿರುವ ಕಮಲಾಪುರದಂಥ ಊರುಗಳ ಸುತ್ತಲಿನ ಹಳ್ಳಿಗಳಲ್ಲಿ ಗುಡಿಯ ಕಟ್ಟೆ, ಶಾಲೆಯ ಬಯಲುಗಳೇ ರಂಗ. ಮೇಳಗಳನ್ನು ಗೊತ್ತು ಮಾಡುವುದು, ವೀಳ್ಯ ಕೊಡುವುದು, ಊಟ–ವಸತಿ ನೋಡುವುದು ಊರವರೇ.

ಕರ್ನಾಟಕ ಜಾನಪದ ಅಕಾದೆಮಿ ಗೀಗೀ ಕಲಾವಿದರನ್ನು ಗೌರವಿಸುತ್ತ ಬಂದಿದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಆದರೂ ಹಾಡುಗಾರಿಕೆಯೊಂದರಿಂದಲೇ ಬದುಕು ಸಾಗಿಸುವವರು ಕಡಿಮೆ. ಬಹುಪಾಲು ಕಲಾವಿದರು ಹೊಲದ ಕೆಲಸ, ಕೂಲಿಯ ನಡುವೆ ಹಾಡುತ್ತಾರೆ. ಕವಿಗಳ ವಹಿಗಳು ಮನೆಗಳಲ್ಲೇ ಉಳಿದಿದ್ದು, ಅಚ್ಚಾಗದ ಹಾಡುಗಳು ಅಚ್ಚಾದವುಗಳಿಗಿಂತ ಹೆಚ್ಚು.

ಪ್ರೇಕ್ಷಕರು ಹೆಚ್ಚಿದ ಹೊಸ ಜಾಗ ಮೊಬೈಲು. ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ., ಈಗ ಯೂಟ್ಯೂಬ್. ಜಾತ್ರೆಯಲ್ಲಿ ರಾತ್ರಿಯಿಡೀ ನಡೆದ ಪಂದ್ಯವನ್ನು ಭಾಗಭಾಗವಾಗಿ ಹಾಕುವವರಿದ್ದಾರೆ. ದುಡಿಯಲು ಮುಂಬಯಿ, ಪುಣೆ, ಹೈದರಾಬಾದಿಗೆ ಹೋದ ಕಲಬುರಗಿ ಸೀಮೆಯವರು ಅದನ್ನು ಅಲ್ಲಿಂದಲೇ ನೋಡುತ್ತಾರೆ. ಜವಾಬಿನ ನುಡಿಯೊಂದನ್ನೇ ಕತ್ತರಿಸಿ ಹಂಚುವ ತುಣುಕುಗಳೂ ಹರಿದಾಡುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಸವಾಲು ಮುಗಿದು ಜವಾಬು ಹುಟ್ಟುವ ತನಕ ಹಿಮ್ಮೇಳ ಎಳೆಯುವ ಗೀಗೀ ಸೊಲ್ಲು.